ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ‘ನಮ್ಮವರು’ ಯಾರ್ಯಾರು? ರಾಜ್ಯೋತ್ಸವದ ಫಲಕಗಳಿಗೆ ಸಹಾಯ ಬೇಕು

ಡೊಂಬಿವಲಿ_ಪೂರ್ವ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಇಲ್ಲಿ ಮುಂಬೈ ಕಡೆಯ ನಮ್ಮ ಕನ್ನಡ ಸಂಘದಲ್ಲಿ ಈ ಸಲ ರಾಜ್ಯೋತ್ಸವಕ್ಕೆ ಹಾಡು, ಡ್ಯಾನ್ಸ್, ಊಟ ಇಷ್ಟೇ ಸಾಕಾಗಲ್ಲ, ಹಾಲ್‌ನ ಹೊರಗಿನ ಪ್ಯಾಸೇಜಿನಲ್ಲಿ ಒಂದು ಸಣ್ಣ ಪ್ರದರ್ಶನ ಇಡೋಣ ಅಂತ ತೀರ್ಮಾನವಾಗಿದೆ. ಜ್ಞಾನಪೀಠದ ಎಂಟು ಜನರ ಫೋಟೊ ಪ್ರತಿವರ್ಷ ಅದೇ ಜಾಗದಲ್ಲಿ ನೇತುಹಾಕಿ ಮಕ್ಕಳು ಅತ್ತ ತಿರುಗಿಯೂ ನೋಡುವುದಿಲ್ಲ. ಹಾಗಾಗಿ ಈ ಬಾರಿಯ ವಿಷಯ ಏಷ್ಯಾದ ಸಾಧಕರಿಗೆ ಫಿಲಿಪೈನ್ಸ್‌ನಲ್ಲಿ ಕೊಡುವ ರೇಮನ್ ಮ್ಯಾಗ್ಸೆಸೆ ಪ್ರಶಸ್ತಿ. ಜವಾಬ್ದಾರಿ ನನ್ನ ತಲೆಗೆ ಬಂದಿದೆ.

ಅಧ್ಯಕ್ಷರ ಷರತ್ತು ಒಂದೇ: ‘ಕನ್ನಡಿಗರು ಮಾತ್ರ.’ ನನ್ನ ಬಳಿ ಈಗ ಇರುವ ಹೆಸರುಗಳು ಆರ್.ಕೆ. ಲಕ್ಷ್ಮಣ್, ಕೆ.ವಿ. ಸುಬ್ಬಣ್ಣ, ಕಮಲಾದೇವಿ ಚಟ್ಟೋಪಾಧ್ಯಾಯ, ಹರೀಶ್ ಹಂದೆ. ಜಾಕಿನ್ ಅರ್ಪುತಂ ಹೆಸರನ್ನೂ ಹಾಕಬೇಕು ಅಂತ ನನ್ನ ಆಸೆ, ಆದರೆ ಕಮಿಟಿಯಲ್ಲಿ ಒಬ್ಬರು ‘ಅವರು ತಮಿಳರಲ್ವಾ’ ಅಂದು ಸುಮ್ಮನಾಗಿಸಿದರು. ಇನ್ನೊಬ್ಬರು ‘ಅದು ಅಮೆರಿಕದ ದುಡ್ಡಿನ ಪ್ರಶಸ್ತಿ, ಕೇರಳದ ಮಂತ್ರಿ ಬೇಡ ಅಂದದ್ದು ಗೊತ್ತಿಲ್ವಾ, ನಾವ್ಯಾಕೆ ಮೆರವಣಿಗೆ ಮಾಡಬೇಕು’ ಅಂತ ಬೇರೆಯೇ ಜಗಳ ತೆಗೆದರು.

ನನಗೆ ಬೇಕಾದದ್ದು: ಬಿಟ್ಟುಹೋದ ಹೆಸರುಗಳು, ಯಾರಿಗೆ ಯಾವ ವಿಭಾಗದಲ್ಲಿ ಬಂತು (ಸಾರ್ವಜನಿಕ ಸೇವೆಯೋ, ಪತ್ರಿಕೋದ್ಯಮವೋ), ಮತ್ತು ಜಾಕಿನ್ ವಿಷಯದಲ್ಲಿ ಕಮಿಟಿಗೆ ಏನು ಹೇಳಲಿ ಅನ್ನುವುದು. ಓದುವವರಲ್ಲಿ ಅರ್ಧ ಜನ ಇಲ್ಲೇ ಹುಟ್ಟಿದ ಮಕ್ಕಳು, ಕನ್ನಡ ಅಕ್ಷರ ಕೂಡಿಸಿ ಓದುತ್ತಾರೆ. ಉದ್ದದ ಪ್ರಬಂಧ ಹಾಕಿದರೆ ಯಾರೂ ನಿಲ್ಲುವುದಿಲ್ಲ.

---

ಚೆಂಬೂರು_ಅಜ್ಜ ಬರೆದದ್ದು:

ಮೊದಲು ಜಾಕಿನ್ ವಿಷಯ ಹೇಳುತ್ತೇನೆ, ಉಳಿದದ್ದನ್ನು ಬೇರೆಯವರು ಹೇಳಲಿ.

ಮಾರಾಯ್ರೇ, ಆ ಮನುಷ್ಯ ಹುಟ್ಟಿದ್ದು ಕೋಲಾರ ಚಿನ್ನದ ಗಣಿಯ ಊರಿನಲ್ಲಿ. ಮನೆಮಾತು ತಮಿಳು ಇರಬಹುದು, ಕೆಜಿಎಫ್‌ನಲ್ಲಿ ಅದೇನು ಆಶ್ಚರ್ಯ? 1960ರ ದಶಕದಲ್ಲಿ ಹುಡುಗನಾಗಿ ಮುಂಬೈಗೆ ಬಂದು ಬಡಗಿ ಕೆಲಸ ಮಾಡಿಕೊಂಡು ಮಾನ್‌ಖುರ್ದ್ ಕಡೆಯ ಜನತಾ ಕಾಲನಿಯಲ್ಲಿ ಸೇರಿಕೊಂಡರು. ಕೆಲಸ ಹುಡುಕಿಕೊಂಡು ರೈಲು ಹತ್ತಿ ಬಂದ ನಮ್ಮ ಎಷ್ಟು ಜನರ ಕತೆ ಇದಕ್ಕಿಂತ ಬೇರೆ ಇದೆ ಹೇಳಿ. ಕ್ಯಾಂಟೀನಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಗೆ ಹೋದವರ ಮಕ್ಕಳೇ ಅಲ್ವಾ ಇವತ್ತು ಸಂಘದ ಕಮಿಟಿಯಲ್ಲಿ ಕೂತಿರುವುದು?

ಜನತಾ ಕಾಲನಿಯಲ್ಲಿ ಕಸ ಎತ್ತುವವರೇ ಇರಲಿಲ್ಲ. ಇವರು ಮಕ್ಕಳನ್ನು ಪಿಕ್ನಿಕ್ ಅಂತ ಕೂಡಿಸಿ, ಒಬ್ಬೊಬ್ಬರ ಕೈಗೆ ಒಂದೊಂದು ಪೊಟ್ಟಣ ಕಸ ಕೊಟ್ಟು, ಎಲ್ಲವನ್ನೂ ಮುನಿಸಿಪಾಲ್ಟಿ ಆಫೀಸಿನ ಮುಂದೆ ಸುರಿಸಿ ಬಂದರು. ನಿಮ್ಮ ಫಲಕದಲ್ಲಿ ಇದೊಂದು ಪ್ರಸಂಗ ಇದ್ದರೆ ಸಾಕು, ಮಕ್ಕಳು ನಿಂತು ಓದುತ್ತಾರೆ.

ಆ ಕಾಲನಿಯ ಜಾಗ ಭಾಭಾ ಪರಮಾಣು ಕೇಂದ್ರಕ್ಕೆ ಬೇಕಿತ್ತು. ವರ್ಷಗಟ್ಟಲೆ ಕೋರ್ಟು, ಧರಣಿ, ದೆಹಲಿ ಓಡಾಟ ನಡೆಯಿತು. ಕೊನೆಗೆ 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ಪೊಲೀಸರನ್ನು ನಿಲ್ಲಿಸಿಕೊಂಡು ಕೆಡವಿದರು. ಅಲ್ಲಿಯ ಜನರನ್ನು ತಂದು ಹಾಕಿದ ಜಾಗವೇ ಟ್ರಾಂಬೆಯ ಚೀತಾ ಕ್ಯಾಂಪ್. ಆ ಹೊತ್ತಿಗೆ ರಾಷ್ಟ್ರೀಯ ಕೊಳಗೇರಿ ನಿವಾಸಿಗಳ ಒಕ್ಕೂಟ ಕಟ್ಟಿಯಾಗಿತ್ತು. ಆಮೇಲೆ ಅವರ ದಾರಿ ಸ್ವಲ್ಪ ಬದಲಾಯಿತು. ಬರೀ ಮೋರ್ಚಾ ತೆಗೆಯುವುದರಿಂದ ಮನೆ ಸಿಗಲ್ಲ, ಲೆಕ್ಕ ನಮ್ಮ ಕೈಯಲ್ಲಿರಬೇಕು ಅಂದುಕೊಂಡರು. ಕೊಳಗೇರಿಯವರೇ ತಮ್ಮ ಗುಡಿಸಲು ಎಣಿಸುವುದು, ನಕ್ಷೆ ಹಾಕುವುದು, ಯಾರ ಮನೆಯಲ್ಲಿ ಎಷ್ಟು ಜನ ಅಂತ ಬರೆದಿಡುವುದು. ಸರಕಾರ ಒಂದು ಸಂಖ್ಯೆ ಹೇಳಿದರೆ ಇವರ ಹತ್ತಿರ ಮನೆಮನೆಯ ಪಟ್ಟಿ ಇರುತ್ತಿತ್ತು. 1984ರಲ್ಲಿ ಶುರುವಾದ ಸ್ಪಾರ್ಕ್ ಸಂಸ್ಥೆ, ಬೈಕುಲ್ಲಾ ಫುಟ್‌ಪಾತಿನ ಹೆಂಗಸರಿಂದ ಹುಟ್ಟಿದ ಮಹಿಳಾ ಮಿಲನ್, ಈ ಒಕ್ಕೂಟ, ಮೂರೂ ಜೊತೆಯಾಗಿ ಕೆಲಸ ಮಾಡಿದವು. ದಿನಕ್ಕೆ ಸಾಧ್ಯವಾದಷ್ಟು ಚಿಲ್ಲರೆ ಉಳಿಸುವ ಗುಂಪುಗಳನ್ನು ಮಾಡಿದ್ದು ಆ ಹೆಂಗಸರೇ.

ಹಳಿ ಪಕ್ಕದ ಗುಡಿಸಲುಗಳು ನೆನಪಿವೆಯಾ? ಬಾಗಿಲು ತೆಗೆದರೆ ರೈಲು. ಮೋಟರ್‌ಮನ್ ಗಾಡಿ ನಿಧಾನ ಮಾಡಲೇಬೇಕಿತ್ತು. 2000ದ ಆಸುಪಾಸಿನಲ್ಲಿ ಸಾವಿರಾರು ಸಂಸಾರಗಳು ಅಲ್ಲಿಂದ ಎದ್ದು ಬೇರೆ ಕಡೆ ಹೋದವು. ಅದರ ಬಹುಪಾಲು ಪಟ್ಟಿ, ಒಪ್ಪಿಗೆ, ಸಾಗಾಟ ಎಲ್ಲ ಈ ಗುಂಪುಗಳ ಮೂಲಕ ಆಯಿತು. ಹೋದ ಕಡೆ ಎಲ್ಲರೂ ಸುಖವಾಗಿದ್ದಾರೆ ಅಂತ ನಾನು ಹೇಳುವುದಿಲ್ಲ. ಆ ಏಳು ಮಾಳಿಗೆಯ ಕಟ್ಟಡಗಳ ನಡುವೆ ಬಿಸಿಲೂ ಇಳಿಯುವುದಿಲ್ಲ. ಆದರೆ ಹಾರ್ಬರ್ ಲೈನಿನಲ್ಲಿ ದಿನಾ ಓಡಾಡುವ ನಿಮ್ಮ ಕಮಿಟಿಯವರಿಗೆ ಜಾಕಿನ್ ಯಾರು ಅಂತ ಗೊತ್ತಿರಬೇಕು.

ಪ್ರಶಸ್ತಿ ಬಂದದ್ದು 2000ದಲ್ಲಿ, ಶಾಂತಿ ಮತ್ತು ಅಂತರರಾಷ್ಟ್ರೀಯ ತಿಳಿವಳಿಕೆ ವಿಭಾಗದಲ್ಲಿ. 2011ರಲ್ಲಿ ಪದ್ಮಶ್ರೀ. 2018ರ ಅಕ್ಟೋಬರಿನಲ್ಲಿ ತೀರಿಕೊಂಡರು.

---

ವಾಸ್ಕೋ_ಬಂದರು ಬರೆದದ್ದು:

ಅಜ್ಜಾ, ಬಲು ಚೊಲೋ ಬರೆದಿದ್ದೀರಿ.

ಕೆಜಿಎಫ್‌ನಿಂದ ಇನ್ನೊಬ್ಬರಿದ್ದಾರೆ, ಬಿಡಬೇಡಿ. ಬೆಜವಾಡ ವಿಲ್ಸನ್, 2016. ಗಣಿ ಕಾಲನಿಯ ಒಣ ಕಕ್ಕಸುಗಳಲ್ಲಿ ಮಲ ಬಳಿಯುತ್ತಿದ್ದವರ ಮನೆಯಲ್ಲಿ ಹುಟ್ಟಿದವರು. ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. ಈ ಪದ್ಧತಿಯನ್ನು ನಿಷೇಧಿಸುವ ಕಾನೂನು 1993ರಲ್ಲೇ ಬಂದಿತ್ತು, ಬಂದರೂ ಊರೂರಲ್ಲಿ ಅದೇ ಬುಟ್ಟಿ, ಅದೇ ಪೊರಕೆ. ‘ನಮ್ಮಲ್ಲಿ ಇಲ್ಲ’ ಅಂತ ಸರಕಾರಗಳು ಬರೆದುಕೊಟ್ಟಾಗ ಇವರು ಫೋಟೊ, ವಿಳಾಸ ಸಮೇತ ಸುಪ್ರೀಂ ಕೋರ್ಟಿನ ಮುಂದೆ ಇಟ್ಟರು. 2013ರಲ್ಲಿ ಇನ್ನೊಂದು ಗಟ್ಟಿ ಕಾನೂನು ಬಂತು.

ಒಂದೇ ಗಣಿ ಊರು. ಅಲ್ಲಿಂದ ಹೊರಟ ಒಬ್ಬರು ಕೊಳಗೇರಿಗೆ ಕಕ್ಕಸು ಬೇಕು ಅಂತ ಹೋರಾಡಿದರು, ಇನ್ನೊಬ್ಬರು ಕಕ್ಕಸು ಬಳಿಯುವವರ ಕೈಯಿಂದ ಪೊರಕೆ ಬಿಡಿಸಲು ಹೋರಾಡಿದರು. ಇಬ್ಬರನ್ನೂ ಅಕ್ಕಪಕ್ಕ ಹಾಕಿ ನೋಡಿ, ನಿಮ್ಮ ಪ್ರದರ್ಶನದಲ್ಲಿ ಜನ ಅಲ್ಲೇ ನಿಲ್ಲುತ್ತಾರೆ.

‘ಕನ್ನಡಿಗರು ಮಾತ್ರ’ ಅನ್ನುವುದನ್ನು ನಿಮ್ಮ ಅಧ್ಯಕ್ಷರು ಹೇಗೆ ಅಳೆಯುತ್ತಾರೆ? ಮನೆಮಾತೇ ಅಳತೆಯಾದರೆ ಕಮಲಾದೇವಿಯೂ ಹೋಗುತ್ತಾರೆ, ಅವರ ಮನೆಮಾತು ಕೊಂಕಣಿ. ಲಕ್ಷ್ಮಣ್ ಅವರ ಮನೆಯದ್ದು ತಮಿಳು. ಇಲ್ಲಿ ಗೋವಾದ ಝುವಾರಿನಗರದಲ್ಲಿ ವಿಜಯಪುರ, ಬಾಗಲಕೋಟೆ, ಗದಗದ ಕಡೆಯಿಂದ ಬಂದು ಗಾರೆ ಕೆಲಸ ಮಾಡುವವರಿದ್ದಾರೆ, ಮನೆಯಲ್ಲಿ ಲಂಬಾಣಿ, ಬೀದಿಯಲ್ಲಿ ಕನ್ನಡ, ಮೇಸ್ತ್ರಿ ಜೊತೆ ಹಿಂದಿ, ಮೀನು ಮಾರ್ಕೆಟ್ಟಿನಲ್ಲಿ ಕೊಂಕಣಿ. ಇವರ ಮಕ್ಕಳು ನಾಳೆ ಏನಾದರೂ ಮಾಡಿದರೆ ಆಗ ಯಾವ ಸಂಘ ಹಾರ ಹಾಕುತ್ತದೋ ನೋಡೋಣ.

---

ಪುಣೆ_ಕಟ್ಟೆ ಬರೆದದ್ದು:

ವಿಭಾಗದ ಬಗ್ಗೆ ಕೇಳಿದ್ದಿರಿ. ಲಕ್ಷ್ಮಣ್ (1984) ಮತ್ತು ಸುಬ್ಬಣ್ಣ (1991) ಇಬ್ಬರದ್ದೂ ಒಂದೇ ವಿಭಾಗ: ‘ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸೃಜನಶೀಲ ಸಂವಹನ ಕಲೆಗಳು’. ಹೆಸರು ಉದ್ದ ಇದೆ, ಯಾಕಂದರೆ ವ್ಯಂಗ್ಯಚಿತ್ರಕಾರ, ಸಿನಿಮಾದವರು, ನಾಟಕದವರು, ವರದಿಗಾರರು ಎಲ್ಲರನ್ನೂ ಅದೇ ಬುಟ್ಟಿಗೆ ಹಾಕುತ್ತಿದ್ದರು. 1967ರಲ್ಲಿ ಸತ್ಯಜಿತ್ ರೇ ಅವರಿಗೂ ಅದರಲ್ಲೇ ಬಂತು. ಕಮಲಾದೇವಿಯವರದ್ದು 1966, ಸಮುದಾಯ ನಾಯಕತ್ವ. 2009ರಿಂದ ಈ ವಿಭಾಗಗಳನ್ನೇ ಕೈಬಿಟ್ಟರು, ಯುವಕರಿಗೆ ಕೊಡುವ ಎಮರ್ಜೆಂಟ್ ಲೀಡರ್‌ಶಿಪ್ ಒಂದನ್ನು ಉಳಿಸಿಕೊಂಡರು. ಹಾಗಾಗಿ ಹರೀಶ್ ಹಂದೆ (2011), ವಿಲ್ಸನ್ ಇವರ ಫಲಕದಲ್ಲಿ ವಿಭಾಗ ಅಂತ ಏನೂ ಬರೆಯಬೇಡಿ.

ಲಕ್ಷ್ಮಣ್ ಬಗ್ಗೆ ‘ಇಂಗ್ಲಿಷ್ ಪೇಪರಿನವರು, ಕನ್ನಡಕ್ಕೇನು ಮಾಡಿದರು’ ಅಂತ ಖಂಡಿತ ಒಬ್ಬರು ಕೇಳುತ್ತಾರೆ. ಮೈಸೂರಿನಲ್ಲಿ ಓದುತ್ತಿದ್ದಾಗಲೇ ರಾಶಿಯವರ ಹಾಸ್ಯ ಪತ್ರಿಕೆ ‘ಕೊರವಂಜಿ’ಗೆ ಚಿತ್ರ ಬರೆಯುತ್ತಿದ್ದವರು ಅವರು. ಆ ಹಳೆ ಸಂಚಿಕೆಯ ಒಂದು ಚಿತ್ರ ಸಿಕ್ಕರೆ ದೊಡ್ಡದು ಮಾಡಿ ಹಾಕಿ. ಮಕ್ಕಳಿಗೆ ಹೇಳಲು ಇನ್ನೊಂದಿದೆ: ಮುಂಬೈಯ ಜೆ.ಜೆ. ಕಲಾಶಾಲೆ ಇವರಿಗೆ ಸೀಟು ಕೊಡಲಿಲ್ಲ. ಹುಡುಗ ಮಹಾರಾಜಾ ಕಾಲೇಜಿನಲ್ಲಿ ಡಿಗ್ರಿ ಮುಗಿಸಿ ಅದೇ ಮುಂಬೈಗೆ ಬಂದು ಫ್ರೀ ಪ್ರೆಸ್ ಜರ್ನಲ್‌ನಲ್ಲಿ ಕೂತ. ಅಲ್ಲಿ ಜೊತೆಗಿದ್ದ ಇನ್ನೊಬ್ಬ ವ್ಯಂಗ್ಯಚಿತ್ರಕಾರ ಬಾಳ್ ಠಾಕ್ರೆ! ಆಮೇಲೆ ಟೈಮ್ಸ್ ಆಫ್ ಇಂಡಿಯಾ, ಅರ್ಧ ಶತಮಾನ. ಚೌಕಳಿ ಕೋಟು, ಧೋತ್ರ, ದುಂಡು ಕನ್ನಡಕದ ಅವರ ವ್ಯಂಗ್ಯಚಿತ್ರದ ಶ್ರೀಸಾಮಾನ್ಯ ಒಂದು ಮಾತೂ ಆಡದೆ ಮಂತ್ರಿಗಳ ಹಿಂದೆ ನಿಂತು ಎಲ್ಲವನ್ನೂ ನೋಡಿದ. ಅವನ ಪ್ರತಿಮೆ ವರ್ಲಿ ಸೀ ಫೇಸ್‌ನಲ್ಲಿದೆ, ನಮ್ಮ ಪುಣೆಯ ಸಿಂಬಯಾಸಿಸ್‌ನಲ್ಲೂ ಇದೆ. ಲಕ್ಷ್ಮಣ್ ಕೊನೆಯ ವರ್ಷಗಳನ್ನು ಕಳೆದದ್ದೂ ಪುಣೆಯಲ್ಲೇ, ತೀರಿಕೊಂಡದ್ದು 2015ರ ಜನವರಿ 26ರಂದು.

ಸುಬ್ಬಣ್ಣನವರದ್ದು ತಿರುವು ಮುರುವು. ಅವರು ಮೈಸೂರಿಗೆ ಹೋಗಿ ಓದಿ ವಾಪಸ್ ಹೆಗ್ಗೋಡಿಗೆ ಬಂದರು, ಅಡಿಕೆ ತೋಟದ ನಡುವೆ ಉಳಿದರು. ಅವರ ರಂಗಸಂಸ್ಥೆ ನೀನಾಸಂ ಶುರುವಾದದ್ದು 1949ರಲ್ಲಿ. ಸಾಗರ ತಾಲೂಕಿನ ಒಂದು ಹಳ್ಳಿಯಲ್ಲಿ ಕೂತು ಜಗತ್ತಿನ ಸಿನಿಮಾ ತೋರಿಸಿದರು, 1980ರಲ್ಲಿ ರಂಗಶಾಲೆ ತೆಗೆದರು, ಆಮೇಲೆ ತಿರುಗಾಟ ತಂಡ ಕಟ್ಟಿ ನಾಟಕವನ್ನು ಊರೂರಿಗೆ ಕಳಿಸಿದರು. ಒಬ್ಬ ಊರು ಬಿಟ್ಟು ಮುಂಬೈ ಸೇರಿದ, ಒಬ್ಬ ಊರಲ್ಲೇ ಕೂತ. ಇಬ್ಬರಿಗೂ ಒಂದೇ ವಿಭಾಗದ ಪ್ರಶಸ್ತಿ. ಮುಂಬೈಯ ಕನ್ನಡ ಸಂಘಕ್ಕೆ ಇದಕ್ಕಿಂತ ಒಳ್ಳೆ ಜೋಡಿ ಸಿಗಲ್ಲ ಅಂತ ನನ್ನ ಅನಿಸಿಕೆ.

ಇನ್ನು ‘ಕನ್ನಡಿಗರು ಮಾತ್ರ’. ನಾನಾಗಿದ್ದರೆ ಒಂದು ಫಲಕ ಪೂರ್ತಿ ‘ನಾವಿರುವ ನೆಲದವರು’ ಅಂತ ಇಡುತ್ತಿದ್ದೆ. ಉರುಳಿ ಕಾಂಚನ್ ಇಲ್ಲಿಂದ ಸೋಲಾಪುರ ರಸ್ತೆಯಲ್ಲಿದೆ. 1946ರಲ್ಲಿ ಗಾಂಧೀಜಿ ಅಲ್ಲಿ ಪ್ರಕೃತಿ ಚಿಕಿತ್ಸೆಯ ಆಶ್ರಮ ತೆಗೆದರು, ಹೊರಡುವಾಗ ಮಣಿಭಾಯಿ ದೇಸಾಯಿ ಅನ್ನುವ ಗುಜರಾತಿ ಯುವಕನಿಗೆ ಒಪ್ಪಿಸಿದರು. ಆತ ಅಲ್ಲೇ ಜೀವನ ಸವೆಸಿದರು. 1967ರಲ್ಲಿ ಬೈಫ್ ಸಂಸ್ಥೆ ಕಟ್ಟಿದರು. ನಾಟಿ ಹಸುಗಳಿಗೆ ಹಾಲು ಕಡಿಮೆ, ಬಡ ರೈತ ಹೋರಿ ಎಲ್ಲಿಂದ ತರಬೇಕು? ಶೈತ್ಯದಲ್ಲಿಟ್ಟ ವೀರ್ಯವನ್ನು ಹಳ್ಳಿಯ ಬಾಗಿಲಿಗೇ ಒಯ್ದು ತಳಿ ಸುಧಾರಿಸುವ ಕೆಲಸ ಹಚ್ಚಿದರು. ಸಾರ್ವಜನಿಕ ಸೇವೆ ವಿಭಾಗ, 1982. ಅದೇ ಬೈಫ್‌ನವರು ನಮ್ಮ ತಿಪಟೂರಿನ ಕಡೆಯೂ ಕೆಲಸ ಮಾಡುತ್ತಿದ್ದಾರೆ, ಬೇಕಿದ್ದರೆ ನಿಮ್ಮ ಅಧ್ಯಕ್ಷರಿಗೆ ಆ ಎಳೆ ತೋರಿಸಿ.

ಡಾ. ಬಾನೂ ಕೊಯಾಜಿ, 1993, ಅವರೂ ಸಾರ್ವಜನಿಕ ಸೇವೆಯೇ. ಪುಣೆಯ ಕೆಇಎಂ ಆಸ್ಪತ್ರೆಯನ್ನು ದಶಕಗಟ್ಟಲೆ ನಡೆಸಿದ ಪಾರ್ಸಿ ಹೆಣ್ಣುಮಗಳು. ಆಸ್ಪತ್ರೆಗೆ ಬರಲಾಗದವರ ಹತ್ತಿರ ನಾವೇ ಹೋಗಬೇಕು ಅಂತ ವಢೂ ಗ್ರಾಮದಲ್ಲಿ ಕೇಂದ್ರ ತೆಗೆದು ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟರು. ಇದೇ ದಾರಿಯನ್ನು ಜಾಮಖೇಡದಲ್ಲಿ ಆರೋಳೆ ದಂಪತಿ ಇನ್ನೂ ಮುಂಚೆ ಹಿಡಿದಿದ್ದರು, ಅವರಿಗೆ ಪ್ರಶಸ್ತಿ 1979ರಲ್ಲಿ. ಬಾಬಾ ಆಮ್ಟೆ 1985, ಮಗ ಪ್ರಕಾಶ್ ಮತ್ತು ಸೊಸೆ ಮಂದಾಕಿನಿ 2008. ಮಹಾರಾಷ್ಟ್ರದ ಪಟ್ಟಿ ಹೀಗೇ ಬೆಳೆಯುತ್ತದೆ, ಇಲ್ಲಿಗೆ ನಿಲ್ಲಿಸುತ್ತೇನೆ.

---

ಮಾಟುಂಗಾ_ಫಿಲ್ಟರ್‌ಕಾಫಿ ಬರೆದದ್ದು:

‘ಅಮೆರಿಕದ ದುಡ್ಡು’ ಅಂದವರ ಮಾತು ಪೂರ್ತಿ ಸುಳ್ಳಲ್ಲ, ಅದನ್ನು ಮುಚ್ಚಿಡುವ ಅಗತ್ಯವೂ ಇಲ್ಲ. ರೇಮನ್ ಮ್ಯಾಗ್ಸೆಸೆ ಫಿಲಿಪೈನ್ಸ್‌ನ ಅಧ್ಯಕ್ಷರಾಗಿದ್ದರು, 1957ರ ಮಾರ್ಚ್‌ನಲ್ಲಿ ಸೆಬು ದ್ವೀಪದಲ್ಲಿ ವಿಮಾನ ಬಿದ್ದು ತೀರಿಕೊಂಡರು. ಅದೇ ವರ್ಷ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಬ್ರದರ್ಸ್ ಫಂಡ್‌ನ ಹಣದಿಂದ, ಫಿಲಿಪೈನ್ಸ್ ಸರಕಾರದ ಒಪ್ಪಿಗೆಯಿಂದ ಪ್ರಶಸ್ತಿ ಶುರುವಾಯಿತು. ಮೊದಲ ಸಲ ಕೊಟ್ಟದ್ದು 1958ರಲ್ಲಿ, ಆಗಲೇ ವಿನೋಬಾ ಭಾವೆಯವರಿಗೆ ಬಂತು. ಮ್ಯಾಗ್ಸೆಸೆಯವರ ಹುಟ್ಟುಹಬ್ಬ ಆಗಸ್ಟ್ 31, ಅದಕ್ಕೇ ಪ್ರಶಸ್ತಿಗೂ ಆ ದಿನಕ್ಕೂ ನಂಟು. ಶೀತಲ ಸಮರದ ಕಾಲ, ಮ್ಯಾಗ್ಸೆಸೆ ತಮ್ಮ ದೇಶದ ಕಮ್ಯುನಿಸ್ಟ್ ಬಂಡಾಯವನ್ನು ಅಡಗಿಸಿದವರು. 2022ರಲ್ಲಿ ಕೇರಳದ ಮಾಜಿ ಆರೋಗ್ಯ ಸಚಿವೆ ಕೆ.ಕೆ. ಶೈಲಜಾ ಬೇಡ ಅಂದದ್ದಕ್ಕೆ ಅವರ ಪಕ್ಷ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಕೋವಿಡ್, ನಿಫಾ ಸಮಯದ ಕೆಲಸ ಒಬ್ಬರದ್ದಲ್ಲ, ಎಲ್ಲರೂ ಸೇರಿ ಮಾಡಿದ್ದು ಅನ್ನುವುದು ಇನ್ನೊಂದು.

ಆದರೆ ಪಟ್ಟಿ ನೋಡಿ. ಜಯಪ್ರಕಾಶ ನಾರಾಯಣರಿಗೆ 1965ರಲ್ಲಿ ಸಾರ್ವಜನಿಕ ಸೇವೆಗೆ ಕೊಟ್ಟರು. 1975ರಲ್ಲಿ ಬಿ.ಜಿ. ವರ್ಗೀಸ್, ಅದೇ ವರ್ಷ ಅವರನ್ನು ಹಿಂದೂಸ್ತಾನ್ ಟೈಮ್ಸ್ ಸಂಪಾದಕ ಹುದ್ದೆಯಿಂದ ತೆಗೆದರು. 1981ರಲ್ಲಿ ಪ್ರಶಸ್ತಿ ಪಡೆದ ಬಂಗಾಳದ ಗೌರ್ ಕಿಶೋರ್ ಘೋಷ್ ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದ ಪತ್ರಕರ್ತ. ಆಮೇಲೆ ಬಿಜೆಪಿ ಮಂತ್ರಿಯಾದ ಅರುಣ್ ಶೌರಿಗೂ ಬಂದಿದೆ, ಟಿವಿ ಪತ್ರಕರ್ತ ರವೀಶ್ ಕುಮಾರ್‌ಗೂ ಬಂದಿದೆ. ಇವರಿಬ್ಬರನ್ನೂ ಒಂದೇ ಪಕ್ಷದ ಜೇಬಿಗೆ ಹಾಕಲು ಯಾರಿಂದಾದರೂ ಆಗುತ್ತಾ? ದುಡ್ಡಿನ ಮೂಲವನ್ನು ಮೊದಲ ಫಲಕದಲ್ಲೇ ಎರಡು ಸಾಲಿನಲ್ಲಿ ಬರೆದುಬಿಡಿ, ಜಗಳಕ್ಕೆ ಜಾಗವೇ ಇರಲ್ಲ.

ಪತ್ರಿಕೋದ್ಯಮಕ್ಕೆ ಮುಂಬೈಯಿಂದ ಇನ್ನೊಂದು ಹೆಸರು ಪಿ. ಸಾಯಿನಾಥ್, 2007. ಇಲ್ಲಿಯ ಬ್ಲಿಟ್ಜ್‌ನಲ್ಲಿ ಕೆಲಸ ಮಾಡಿದವರು, ಆಮೇಲೆ ಬಡ ಜಿಲ್ಲೆಗಳನ್ನು ಸುತ್ತಿ ಬರೆದರು, ವಿದರ್ಭದ ರೈತರ ಆತ್ಮಹತ್ಯೆಗಳ ಬೆನ್ನು ಹತ್ತಿದರು. ಕನ್ನಡಿಗರಲ್ಲ, ನಿಜ. ಆದರೆ ಅವರು 2014ರಲ್ಲಿ ಶುರುಮಾಡಿದ ಪರಿ ಅನ್ನುವ ಗ್ರಾಮೀಣ ಭಾರತದ ಜಾಲತಾಣದ ವರದಿಗಳು ಕನ್ನಡದಲ್ಲೂ ಇವೆ. ಫಲಕದ ಮೂಲೆಯಲ್ಲಿ ಅದರ ಕ್ಯೂಆರ್ ಕೋಡ್ ಹಾಕಿ. ಹೈಸ್ಕೂಲಿನ ಮಕ್ಕಳು ಮೊಬೈಲ್ ಹಿಡಿದೇ ಇರುತ್ತಾರಲ್ಲ.

ಕಮಲಾದೇವಿಯವರನ್ನು ಬರೀ ಕೈಮಗ್ಗ, ಕರಕುಶಲ ಅಂತ ಮುಗಿಸಬೇಡಿ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಈ ಮಂಗಳೂರಿನ ಹೆಣ್ಣುಮಗಳು ಮುಂಬೈಯಲ್ಲೇ ಉಪ್ಪು ಮಾಡಿ, ಷೇರು ಪೇಟೆಯೊಳಗೇ ನುಗ್ಗಿ ಮಾರಿ ಜೈಲಿಗೆ ಹೋದರು. ದಲಾಲ್ ಸ್ಟ್ರೀಟಿನಲ್ಲಿ ಕೆಲಸ ಮಾಡುವ ಎಷ್ಟು ಕನ್ನಡಿಗರಿಗೆ ಇದು ಗೊತ್ತಿದೆ?

---

ಡೊಂಬಿವಲಿ_ಪೂರ್ವ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮೀಟಿಂಗಿನಲ್ಲಿ ಅಜ್ಜನವರ ಬರಹವನ್ನು ಹಾಗೇ ಓದಿ ಹೇಳಿದೆ. ಕ್ಯಾಂಟೀನು, ರಾತ್ರಿ ಶಾಲೆಯ ಸಾಲು ಬಂದಾಗ ಅಧ್ಯಕ್ಷರು ಏನೂ ಅನ್ನಲಿಲ್ಲ, ಅವರ ತಂದೆ ಫೋರ್ಟ್‌ನಲ್ಲಿ ಹಾಗೇ ಓದಿದವರಂತೆ. ಜಾಕಿನ್ ಪಾಸ್. ವಿಲ್ಸನ್ ಕೂಡ ಪಾಸ್. ಲಕ್ಷ್ಮಣ್–ಸುಬ್ಬಣ್ಣ ಜೋಡಿ ಎಲ್ಲರಿಗೂ ಹಿಡಿಸಿತು. ‘ನಾವಿರುವ ನೆಲದವರು’ ಫಲಕಕ್ಕೆ ಮಾತ್ರ ಇನ್ನೂ ಎಳೆದಾಟ ನಡೆದಿದೆ. ಮಣಿಭಾಯಿ ಮತ್ತು ಕೊಯಾಜಿ ಇಬ್ಬರಿಗೆ ಒಪ್ಪಬಹುದು, ಉದ್ದದ ಪಟ್ಟಿ ಬೇಡ ಅನ್ನುತ್ತಿದ್ದಾರೆ. ಹರೀಶ್ ಹಂದೆ ಬಗ್ಗೆ ಯಾರೂ ಏನೂ ಬರೆಯಲಿಲ್ಲ, ಎರಡು ಸಾಲು ಯಾರಾದರೂ ಕೊಡಿ.

ಇನ್ನೊಂದು ತಲೆನೋವು. ಸ್ಟೇಷನ್ ಹತ್ತಿರದ ಫ್ಲೆಕ್ಸ್ ಅಂಗಡಿಯವರಿಗೆ ಸ್ಯಾಂಪಲ್ ಕೊಟ್ಟಿದ್ದೆ. ‘ಮ್ಯಾಗ್ಸೆಸೆ’ಯ ಒತ್ತಕ್ಷರಗಳೆಲ್ಲ ಕಿತ್ತುಹೋಗಿ ಬೇರೆ ಬೇರೆ ನಿಂತಿವೆ. ಅವರಿಗೆ ಕನ್ನಡ ಬರಲ್ಲ, ‘ಸಾಬ್, ಬರಾಬರ್ ಹೈ’ ಅನ್ನುತ್ತಾರೆ.

---

ಪುಣೆ_ಕಟ್ಟೆ ಬರೆದದ್ದು:

ಹಂದೆ: ಬೆಂಗಳೂರಿನ ಸೆಲ್ಕೊ, 1995. ಸೋಲಾರ್ ದೀಪ ಬಡವರಿಗೆ ಕೊಳ್ಳಲಾಗದ ವಸ್ತು ಅನ್ನುವ ಮಾತನ್ನು ಒಪ್ಪದೆ, ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ, ಸಂಪಾದನೆ ಬರುವ ರೀತಿಗೆ ಕಂತು ಹೊಂದಿಸಿದರು. ಬೀದಿ ವ್ಯಾಪಾರಿಗೆ ದಿನದ ಲೆಕ್ಕ, ರೈತನಿಗೆ ಫಸಲಿನ ಲೆಕ್ಕ.

ಫ್ಲೆಕ್ಸಿಗೆ ವರ್ಡ್ ಫೈಲ್ ಕೊಡಲೇಬೇಡಿ. ಅವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇರಲ್ಲ. ನೀವೇ ಮನೆಯಲ್ಲಿ ಪಿಡಿಎಫ್ ಮಾಡಿ ಕೊಡಿ, ಇಲ್ಲವೇ ಅಕ್ಷರಗಳನ್ನು ಕರ್ವ್‌ಗೆ ಬದಲಿಸಿ ಕೊಡಿ, ಆಮೇಲೆ ಯಾರೂ ಒತ್ತಕ್ಷರ ಮುಟ್ಟಲಾಗಲ್ಲ. ಪೂರ್ತಿ ಪ್ರಿಂಟ್ ಹಾಕಿಸುವ ಮುಂಚೆ ಎ4ನಲ್ಲಿ ಒಂದು ಪ್ರತಿ ತೆಗೆಸಿ ನೋಡಿ.

---

ಚೆಂಬೂರು_ಅಜ್ಜ ಬರೆದದ್ದು:

ಎ4 ಪ್ರತಿಗಳನ್ನು ಇಲ್ಲೇ ಹಾಕಿ, ತಪ್ಪು ಹುಡುಕಿ ಕೊಡುತ್ತೇನೆ. ಕಾರ್ಯಕ್ರಮ ಎಷ್ಟು ಗಂಟೆಗೆ, ಊಟ ಉಂಟಲ್ಲ?